ಓವರ್‌ಡ್ರೈವ್ ಹಾಕಿಸಿದ ಮೇಲೆ ಹೆಡ್‌ಲೈಟ್ ಮಂಕಾಗಿದೆಯೇ? ಮೊದಲು ಅರ್ತಿಂಗ್ ನೋಡಿ

ನಿಮ್ಮ 1971ರ ಷೆವರ್ಲೆ ಸಿ10 ಪಿಕಪ್‌ನ ಮೂರು ಗೇರಿನ ಟಿಎಚ್350 ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತೆಗೆಸಿ, ಓವರ್‌ಡ್ರೈವ್ (ವೇಗದಲ್ಲಿ ಓಡುವಾಗ ಎಂಜಿನ್ ನಿಧಾನವಾಗಿ ತಿರುಗಲು ಬಿಡುವ ನಾಲ್ಕನೇ ಗೇರ್) ಇರುವ 700ಆರ್4 ಹಾಕಿಸಿದ್ದೀರಿ. ಅಂದಿನಿಂದ ಸೆಲ್ಫ್ ನಿಧಾನ, ಹೆಡ್‌ಲೈಟ್ ಮಂಕು, ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳು ಕುಣಿಯುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಸುರಿಯಬೇಡಿ. ಟೆಕ್ಸಾಸ್‌ನಲ್ಲಿ ನನ್ನ 1972ರ ಸಿ10ಕ್ಕೆ ಇದೇ ಕೆಲಸ ಮಾಡಿಸಿದಾಗ ನಾನೂ ಇದೇ ಪಾಡು ಪಟ್ಟಿದ್ದೇನೆ. ಹೊಸ ಬ್ಯಾಟರಿ, ಹೊಸ ಆಲ್ಟರ್ನೇಟರ್ ಎರಡನ್ನೂ ಹಾಕಿಸಿದೆ. ಏನೂ ಬದಲಾಗಲಿಲ್ಲ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎಂಜಿನ್‌ನ ಹಿಂಬದಿಯಿಂದ ಕ್ಯಾಬಿನ್‌ನ ತಗಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯೇ ಕರೆಂಟ್‌ಗೆ ಕಾಲುಸಂಕ. ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಈ ದಾರಿಯನ್ನೇ ಅರ್ತಿಂಗ್ ಎನ್ನುವುದು. ಗೇರ್‌ಬಾಕ್ಸ್ ಇಳಿಸುವಾಗ ಅದನ್ನು ಬಿಚ್ಚುತ್ತಾರೆ. ಏರಿಸುವಾಗ ಮರೆಯುತ್ತಾರೆ, ಇಲ್ಲವೇ ಬಣ್ಣದ ಮೇಲೆಯೇ ಬಿಗಿಯುತ್ತಾರೆ. ನನ್ನ ಗಾಡಿಯಲ್ಲಿ ಹಿಂದಿನ ಮಾಲೀಕರು ಬ್ಯಾಟರಿಯ ನೆಗೆಟಿವ್ ಕೇಬಲ್ ಅನ್ನು ಎಂಜಿನ್‌ಗೆ ಕೊಡುವ ಬದಲು ಚಾಸಿಗೆ ಕಟ್ಟಿದ್ದರು. ಪಟ್ಟಿ ಹೋದ ಮೇಲೆ ಸೆಲ್ಫ್‌ನ ಅಷ್ಟೂ ಕರೆಂಟ್‌ಗೆ ಬೇರೆ ದಾರಿ ಬೇಕಾಯಿತು. ಗೇರ್‌ಬಾಕ್ಸ್‌ನಿಂದ ಡ್ಯಾಶ್‌ಬೋರ್ಡ್‌ಗೆ ಹೋಗುವ ಸ್ಪೀಡೋಮೀಟರ್ ಕೇಬಲ್ ಸಿಕ್ಕಿತು! ಸೆಲ್ಫ್ ಹೊಡೆದ ಕೂಡಲೇ ಅದನ್ನು ಮುಟ್ಟಿದೆ. ಕೈ ಸುಡುವಷ್ಟು ಬಿಸಿ, ಪ್ಲಾಸ್ಟಿಕ್ ಕರಗಿದ ವಾಸನೆ. ಆಗಲೇ ರೋಗ ಗೊತ್ತಾದದ್ದು.

ನೀವು ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಗೂಟಕ್ಕೂ ಇನ್ನೊಂದನ್ನು ಎಂಜಿನ್‌ನ ಬರಿಯ ಲೋಹಕ್ಕೂ ಒತ್ತಿ, ಜೊತೆಗಿರುವವರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟ್ ಮೀರಿದರೆ ಅರ್ತಿಂಗ್ ಕೆಟ್ಟಿದೆ. ನನ್ನದರಲ್ಲಿ ಎರಡು ವೋಲ್ಟ್ ದಾಟಿತ್ತು. ಆಮೇಲೆ ಹೆಡ್‌ಲೈಟ್ ಹಾಕಿ, ನೆಗೆಟಿವ್ ಗೂಟಕ್ಕೂ ಕ್ಯಾಬಿನ್ ತಗಡಿಗೂ ನಡುವೆ ಹೀಗೆಯೇ ನೋಡಿ. ಪಟ್ಟಿ ಕೂರುವ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ.

ಓವರ್‌ಡ್ರೈವ್ ಹಾಕಿಸಿದ್ದು ಒಳ್ಳೆಯ ನಿರ್ಧಾರ. ನನ್ನ 3.73 ಅನುಪಾತದ ಆಕ್ಸೆಲ್, 28 ಇಂಚಿನ ಟೈರಿಗೆ ಗಂಟೆಗೆ 70 ಮೈಲಿಯಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,130 ಸುತ್ತು ತಿರುಗುತ್ತಿತ್ತು, 0.70 ಅನುಪಾತದ ನಾಲ್ಕನೇ ಗೇರಿನಲ್ಲಿ ಅದು 2,190ರ ಆಸುಪಾಸಿಗೆ ಇಳಿದಿದೆ. ಆದರೆ ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂದು ಅದಕ್ಕೆ ತಿಳಿಸುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಸರಿಯಾಗಿ ಹೊಂದಿಸದೆ ಒಂದು ಮೈಲಿಯೂ ಓಡಿಸಬೇಡಿ. ಅದು ಸಡಿಲವಿದ್ದರೆ ಒಳಗಿನ ಎಣ್ಣೆಯ ಒತ್ತಡ ಬೀಳುತ್ತದೆ, ಕ್ಲಚ್ ಪ್ಲೇಟುಗಳು ಸುಟ್ಟುಹೋಗುತ್ತವೆ. ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ಜಾರದಂತೆ ಬೆಸೆಯುವ ಲಾಕಪ್‌ನ ವೈರಿಗೆ ಬೇರೆಯದೇ ಫ್ಯೂಸ್ ಕೊಡಿ, ಬ್ರೇಕ್ ಒತ್ತಿದಾಗ ಕರೆಂಟ್ ಕಡಿಯುವಂತೆ ಜೋಡಿಸಿ, ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ.

ಮೀಟರ್ ಇಲ್ಲದಿದ್ದರೆ ಇವತ್ತು ಸಂಜೆಯೇ ಜಂಪರ್ ಕೇಬಲ್‌ನ ಒಂದು ಎಳೆಯನ್ನು ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್‌ಗೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಚುರುಕಾಗಿ ತಿರುಗಿದರೆ ಆಲ್ಟರ್ನೇಟರ್ ತಂಟೆಗೇ ಹೋಗಬೇಕಿಲ್ಲ.