ಸ್ಮಾರ್ಟ್‌ವಾಚ್ ತೋರಿಸುವ ಸ್ಟ್ರೆಸ್ ನಂಬರ್ ಎಲ್ಲಿಂದ ಬರುತ್ತದೆ? ಅದನ್ನು ಎಷ್ಟು ನಂಬಬಹುದು?

ಮಧ್ಯಾಹ್ನ ಊಟ ಮುಗಿಸಿ, ಕಾಫಿ ಕುಡಿದು ಸುಮ್ನೆ ಕೂತಿದ್ದಾಗ ವಾಚು ಸ್ಟ್ರೆಸ್ 78 ಅಂತ ತೋರಿಸಿತು. ಮರುದಿನ ಆಫೀಸಿನಲ್ಲಿ ಮ್ಯಾನೇಜರ್ ಜೊತೆ ಜೋರು ಜಗಳ ಆದಾಗ ಬರೀ 30 ಇತ್ತು. ಹಾಗಾದರೆ ಇದು ಅಳೆಯುತ್ತಿರುವುದಾದರೂ ಏನನ್ನು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ತುಂಬಾ ಜನರಿಗೆ ಇರುವ ಗೊಂದಲ ಇದು.

ನಾನು ಒಂದು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುತ್ತೇನೆ. ವಾಚು ಮಣಿಕಟ್ಟಿನ ಮೇಲೆ ಮಾಡಲು ನೋಡುವ ಕೆಲಸವನ್ನೇ ನಮ್ಮ ಲ್ಯಾಬಿನಲ್ಲಿ ಇಸಿಜಿ ಹಾಕಿ ಮಾಡಿಸುತ್ತೇವೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಮನಸ್ಸಿನ ಟೆನ್ಷನ್ ವಾಚಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಒಂದು ಎದೆಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಸಮಯ. ಅದನ್ನಿಟ್ಟುಕೊಂಡು ದೇಹ ಎಷ್ಟು ಆರಾಮಾಗಿದೆ ಅಂತ ಅಂದಾಜು ಕಟ್ಟುತ್ತದೆ. ಈ ಅಂದಾಜು ರಾತ್ರಿ ನಿದ್ದೆಯಲ್ಲಿ ಕೆಲಸಕ್ಕೆ ಬರುತ್ತದೆ, ಹಗಲಲ್ಲಿ ಬೇಗ ದಾರಿ ತಪ್ಪುತ್ತದೆ.

ವಾಚನ್ನು ತಿರುಗಿಸಿ ನೋಡಿದರೆ ಹಿಂದೆ ಹಸಿರು ದೀಪ ಮಿನುಗುತ್ತಿರುತ್ತದೆ, ಅಲ್ವಾ? ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತದೆ, ಆ ಕ್ಷಣ ವಾಪಸ್ ಬರುವ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಪಕ್ಕದ ಸೆನ್ಸರ್ ಈ ಏರಿಳಿತವನ್ನು ಓದುತ್ತದೆ. ಉಪಾಯವೇನೂ ಹೊಸದಲ್ಲ, ಅಮೆರಿಕದ ಆಲ್ರಿಕ್ ಹರ್ಟ್ಜ್‌ಮನ್ 1930ರ ದಶಕದಲ್ಲೇ ಬೆಳಕು ಬಿಟ್ಟು ಚರ್ಮದ ರಕ್ತದ ಏರಿಳಿತ ದಾಖಲಿಸಿದ್ದರು.

ಈಗ ಮುಖ್ಯ ವಿಷಯ. ನಿಮ್ಮ ಬಡಿತ ನಿಮಿಷಕ್ಕೆ 61 ಅಂತ ವಾಚು ಹೇಳಿತು ಅಂದುಕೊಳ್ಳಿ. ಹಾಗಂತ ಗಡಿಯಾರದ ಮುಳ್ಳಿನಂತೆ ಒಂದೇ ಅಂತರದಲ್ಲಿ ಬಡಿಯುತ್ತಿದೆ ಅಂತ ಅಲ್ಲ. ಒಬ್ಬರಲ್ಲಿ ಬಡಿತಗಳ ನಡುವಿನ ಸಮಯ 960, 1040, 1010, 930 ಮಿಲಿಸೆಕೆಂಡ್ ಇರಬಹುದು. ಇನ್ನೊಬ್ಬರಲ್ಲಿ 990, 980, 985, 985. ಇಬ್ಬರ ಸರಾಸರಿಯೂ 985, ಇಬ್ಬರ ವಾಚಿನಲ್ಲೂ 61 ಅಂತಲೇ ಬರುತ್ತದೆ. ಆದರೆ ಅಕ್ಕಪಕ್ಕದ ಅಂತರಗಳ ವ್ಯತ್ಯಾಸ ತೆಗೆದು, ವರ್ಗ ಮಾಡಿ, ಸರಾಸರಿ ಹಿಡಿದು, ವರ್ಗಮೂಲ ತೆಗೆದರೆ ಮೊದಲನೆಯವರಿಗೆ ಸುಮಾರು 68 ಬರುತ್ತದೆ, ಎರಡನೆಯವರಿಗೆ ಸುಮಾರು 6. ಈ ಲೆಕ್ಕಕ್ಕೆ ಆರ್‌ಎಂಎಸ್‌ಎಸ್‌ಡಿ ಅಂತ ಹೆಸರು. ಆ್ಯಪಿನಲ್ಲಿ ಎಚ್‌ಆರ್‌ವಿ (ಬಡಿತದ ಅಂತರಗಳ ಏರುಪೇರು) ಅಂತ ಕಾಣುವುದು ಸಾಮಾನ್ಯವಾಗಿ ಇದೇ. ಆ್ಯಪಲ್ ವಾಚ್ ಮಾತ್ರ ಎಸ್‌ಡಿಎನ್‌ಎನ್ ಅನ್ನುವ ಬೇರೆ ಲೆಕ್ಕ ತೋರಿಸುತ್ತದೆ. ಆದ್ದರಿಂದ ಅದರ ನಂಬರನ್ನು ಬೇರೆ ವಾಚಿನ ನಂಬರಿನ ಪಕ್ಕ ಇಟ್ಟು ಹೋಲಿಸಬೇಡಿ.

ಈ ಏರುಪೇರು ಎಲ್ಲಿಂದ ಬರುತ್ತದೆ? ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಅದನ್ನು 60-70ಕ್ಕೆ ಇಳಿಸಿ ಇಟ್ಟುಕೊಳ್ಳುವುದು ಮಿದುಳಿನಿಂದ ಬರುವ ವೇಗಸ್ ನರ. ಇಳಿಜಾರಿನಲ್ಲಿ ಸ್ಕೂಟರಿನ ಬ್ರೇಕನ್ನು ಸ್ವಲ್ಪ ಹಿಡಿದು, ಸ್ವಲ್ಪ ಬಿಟ್ಟು ಇಳಿಯುತ್ತೇವಲ್ಲ, ಆ ರೀತಿ ಈ ನರ ಬಡಿತ ಬಡಿತಕ್ಕೂ ಹಿಡಿತ ಬದಲಿಸುತ್ತಿರುತ್ತದೆ. ಆರಾಮಾಗಿದ್ದಾಗ ಅಂತರಗಳು ಹಿಗ್ಗುತ್ತಾ ಕುಗ್ಗುತ್ತಾ ಇರುತ್ತವೆ. ದೇಹ ಓಡಲು, ಹೊಡೆದಾಡಲು ಸಿದ್ಧವಾದಾಗ ಆ ಹಿಡಿತ ಸಡಿಲವಾಗುತ್ತದೆ, ಬಡಿತ ವೇಗವಾಗುತ್ತದೆ, ಅಂತರಗಳು ಹೆಚ್ಚುಕಡಿಮೆ ಒಂದೇ ಸಮ ಆಗುತ್ತವೆ.

ಇದನ್ನು ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ವಿದ್ಯಾರ್ಥಿಯೊಬ್ಬನನ್ನು ಮಂಚದ ಮೇಲೆ ಮಲಗಿಸಿ ಇಸಿಜಿ ಹಚ್ಚುತ್ತೇವೆ. 5 ಸೆಕೆಂಡ್ ಉಸಿರು ಒಳಗೆ, 5 ಸೆಕೆಂಡ್ ಹೊರಗೆ. ಅಂದರೆ ನಿಮಿಷಕ್ಕೆ 6 ಉಸಿರು. ಕಾಗದದ ಮೇಲೆ ಒಂದೊಂದು ಬಡಿತಕ್ಕೂ ಒಂದು ಮೊನೆ ಮೂಡುತ್ತದೆ, ಉಸಿರು ಎಳೆದಾಗ ಈ ಮೊನೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಬಿಟ್ಟಾಗ ದೂರ ಸರಿಯುತ್ತವೆ. ಮೊದಲ ಸಲ ನೋಡುವ ಹುಡುಗರು ಮಷೀನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಆರೋಗ್ಯವಂತ ಯುವಕರಲ್ಲಿ ಉಸಿರು ಎಳೆದಾಗಿನ ವೇಗಕ್ಕೂ ಬಿಟ್ಟಾಗಿನ ವೇಗಕ್ಕೂ ನಿಮಿಷಕ್ಕೆ 15 ಬಡಿತಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿಂದ ನರಗಳು ಹಾಳಾಗಿರುವವರಲ್ಲಿ ಮೊನೆಗಳು ಕದಲುವುದೇ ಇಲ್ಲ ಅನ್ನುವಷ್ಟು ಸಮನಾಗಿರುತ್ತವೆ. ಉಸಿರಿನ ಜೊತೆ ಬಡಿತ ಹೀಗೆ ಬದಲಾಗುವುದನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ದಾಖಲಿಸಿದ್ದ. ನನ್ನ ಮಟ್ಟಿಗೆ ಇಡೀ ಫಿಸಿಯಾಲಜಿ ಲ್ಯಾಬಿನಲ್ಲಿ ಇದಕ್ಕಿಂತ ಚಂದದ ಪ್ರಯೋಗ ಇನ್ನೊಂದಿಲ್ಲ.

ಇನ್ನು ಕಂಪನಿಗಳ ಕೆಲಸ. ಈ ಮಿಲಿಸೆಕೆಂಡುಗಳನ್ನು 0ರಿಂದ 100ರ ಒಂದು ಅಂಕೆಯಾಗಿ ಬದಲಿಸುತ್ತಾರೆ. ಸಾಮಾನ್ಯವಾಗಿ ಏರುಪೇರು ಕಡಿಮೆಯಾದಷ್ಟೂ ಸ್ಟ್ರೆಸ್ ಅಂಕೆ ಮೇಲೇರುತ್ತದೆ. ಗಾರ್ಮಿನ್ ಕಂಪನಿಯ ವಾಚುಗಳಲ್ಲಿ 25ರವರೆಗೆ ವಿಶ್ರಾಂತಿ, 26ರಿಂದ 50 ಕಡಿಮೆ, 51ರಿಂದ 75 ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು. ಆ ಲೆಕ್ಕ ಫಿನ್‌ಲ್ಯಾಂಡಿನ ಫಸ್ಟ್‌ಬೀಟ್ ಅನ್ನುವ ಕಂಪನಿಯದು, 2020ರಲ್ಲಿ ಗಾರ್ಮಿನ್ ಅದನ್ನು ಕೊಂಡುಕೊಂಡಿತು. ಔರಾ, ನಮ್ಮ ಬೆಂಗಳೂರಿನ ಅಲ್ಟ್ರಾಹ್ಯೂಮನ್ ಇಂಥವರ ಉಂಗುರಗಳೂ ಮುಖ್ಯವಾಗಿ ಬಡಿತದ ಅಂತರವನ್ನೇ ನೆಚ್ಚಿಕೊಂಡಿವೆ, ಜೊತೆಗೆ ಚರ್ಮದ ಉಷ್ಣತೆ ಮತ್ತು ಓಡಾಟವನ್ನೂ ಗಮನಿಸುತ್ತವೆ. ಅಂಕೆ ಮಾಡುವ ಪೂರ್ತಿ ಸೂತ್ರವನ್ನು ಕಂಪನಿಗಳು ಬಿಚ್ಚಿಡುವುದಿಲ್ಲ. ಆದ್ದರಿಂದ ಒಂದು ವಾಚಿನ 40 ಇನ್ನೊಂದು ವಾಚಿನ 40 ಅಲ್ಲ.

ಈಗ ನಿಮ್ಮ 78ಕ್ಕೆ ಬರೋಣ. ಹೊಟ್ಟೆ ತುಂಬಾ ಊಟ ಮಾಡಿದ ಮೇಲೆ ಜೀರ್ಣಕ್ಕೆ ರಕ್ತ ಒದಗಿಸಲು ಹೃದಯ ಜಾಸ್ತಿ ದುಡಿಯಬೇಕು, ಬಡಿತ ಏರುತ್ತದೆ, ಎಚ್‌ಆರ್‌ವಿ ಇಳಿಯುತ್ತದೆ. ಅದರ ಮೇಲೆ ಕಾಫಿ ಬೇರೆ. ಮನಸ್ಸು ಹಾಯಾಗಿದ್ದರೂ ವಾಚಿಗೆ ಕಾಣುವುದು ಕೆಲಸ ಮಾಡುತ್ತಿರುವ ದೇಹ. ಜ್ವರ ಬರುವ ಮುಂಚೆ, ನೀರು ಕುಡಿಯದೆ ಬಿಸಿಲಲ್ಲಿ ಓಡಾಡಿದಾಗ, ರಾತ್ರಿ ಮದ್ಯ ಕುಡಿದಾಗಲೂ ಹೀಗೇ ಆಗುತ್ತದೆ. ಕೊನೆಯ ಓವರಿನ ರೋಚಕ ಕ್ರಿಕೆಟ್ ನೋಡುತ್ತಿದ್ದರೂ ಅಷ್ಟೆ. ಖುಷಿಗೂ ಭಯಕ್ಕೂ ಎದೆ ಒಂದೇ ಥರ ಬಡಿದುಕೊಳ್ಳುತ್ತದೆ.

ಜಗಳದ 30ಕ್ಕೆ ಕಾರಣ ಬೇರೆ ಇರಬಹುದು. ಬಹಳಷ್ಟು ವಾಚುಗಳು ಕೆಲವು ನಿಮಿಷಗಳ ಲೆಕ್ಕವನ್ನು ಸೇರಿಸಿ ಒಂದು ಅಂಕೆ ಕೊಡುತ್ತವೆ. ನೀವು ಕೈ ಬೀಸಿ ಮಾತಾಡುತ್ತಿದ್ದರೆ, ಎದ್ದು ನಡೆದಾಡಿದ್ದರೆ, ಬೆಳಕಿನ ಓದು ಕಲೆಸಿಹೋಗುತ್ತದೆ. ಅಂಥ ಹೊತ್ತನ್ನು ವಾಚು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಡಬಹುದು. ಗಾರ್ಮಿನ್ ಗ್ರಾಫಿನಲ್ಲಿ ನಡುನಡುವೆ ಖಾಲಿ ಜಾಗ ಕಾಣುವುದು ಅದಕ್ಕೇ. ಪಟ್ಟಿ ಸಡಿಲವಿದ್ದರೂ ಇದೇ ತೊಂದರೆ. ನಿಖರತೆಯ ಮಾತೂ ಇದೆ. ಸೆಕೆಂಡಿಗೆ 25 ಸಲ ಓದುವ ಸೆನ್ಸರಿನಲ್ಲಿ ಎರಡು ಓದುಗಳ ನಡುವೆ 40 ಮಿಲಿಸೆಕೆಂಡ್ ಹೋಗಿರುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟು ಚಿಕ್ಕದು. ನಡುವಿನದನ್ನು ಲೆಕ್ಕದಿಂದ ತುಂಬಿಕೊಳ್ಳುತ್ತಾರೆ. ಕೈ ಅಲ್ಲಾಡದೆ ಇದ್ದರೆ ಅದು ಸರಿಹೋಗುತ್ತದೆ, ಅಲ್ಲಾಡಿದರೆ ಹೋಗುವುದಿಲ್ಲ.

ಬೆವರು ಅಳೆಯುವ ದಾರಿಯೂ ಇದೆ. ಗಾಬರಿಯಾದರೆ ಅಂಗೈ ಒದ್ದೆಯಾಗುತ್ತದಲ್ಲ, ಆಗ ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. 2020ರ ಫಿಟ್‌ಬಿಟ್ ಸೆನ್ಸ್‌ನಲ್ಲಿ ವಾಚಿನ ಮುಖದ ಮೇಲೆ ಅಂಗೈ ಇಟ್ಟು ಅಳೆಯಬೇಕಿತ್ತು, 2022ರ ಸೆನ್ಸ್ 2 ದಿನವಿಡೀ ತಾನೇ ಅಳೆಯತೊಡಗಿತು. ಬೆವರಿನ ಗ್ರಂಥಿಗೆ ವೇಗಸ್ ನರದ ನಂಟಿಲ್ಲ, ಉದ್ವೇಗದ ನರಗಳು ಮಾತ್ರ ಅದನ್ನು ನಡೆಸುತ್ತವೆ. ಹಾಗಾಗಿ ಸೂಚನೆ ಒಂದು ರೀತಿಯಲ್ಲಿ ಸ್ವಚ್ಛ. ಆದರೆ ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಬೆವರಿಗೆ ಟೆನ್ಷನ್ನೇ ಬೇಕಾಗಿಲ್ಲ. ಇನ್ನು ಕಾರ್ಟಿಸಾಲ್ ಹಾರ್ಮೋನು. ಈ ವಾಚುಗಳು ಯಾವುವೂ ಅದನ್ನು ಅಳೆಯುವುದಿಲ್ಲ, ಹಸಿರು ದೀಪಕ್ಕೆ ಅದು ಕಾಣುವುದೂ ಇಲ್ಲ.

ಮನಸ್ಸಿಗೂ ನಂಬರಿಗೂ ಎಷ್ಟು ತಾಳೆ ಆಗುತ್ತದೆ ಅಂತ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದ್ದಾರೆ. ಸುಮಾರು 800 ವಿದ್ಯಾರ್ಥಿಗಳಿಗೆ ಗಾರ್ಮಿನ್ ವಿವೋಸ್ಮಾರ್ಟ್ 4 ಕೊಟ್ಟು, 3 ತಿಂಗಳು ದಿನಕ್ಕೆ ಹಲವು ಸಲ "ಈಗ ಎಷ್ಟು ಒತ್ತಡ ಅನ್ನಿಸುತ್ತಿದೆ" ಅಂತ ಕೇಳಿದರು. 2025ರಲ್ಲಿ ಫಲಿತಾಂಶ ಬಂತು. ಬಹುಪಾಲು ಜನರಲ್ಲಿ ಅವರು ಹೇಳಿದ ಒತ್ತಡಕ್ಕೂ ವಾಚಿನ ಅಂಕೆಗೂ ಸಂಬಂಧವೇ ಕಾಣಲಿಲ್ಲ. ನಿದ್ದೆಯ ವಿಷಯದಲ್ಲಿ ಮಾತ್ರ ವಾಚು ಹೇಳಿದ್ದು ಸಾಕಷ್ಟು ಹೊಂದಿಕೊಂಡಿತು. ಆ ವಾಚು ಹಳೆಯ ಮಾಡೆಲ್ ನಿಜ. ಆದರೆ ಮೂಲ ತೊಂದರೆ ಮಾಡೆಲಿನದಲ್ಲ.

ಹಾಗಂತ ವಾಚು ಬಿಚ್ಚಿಡಿ ಅಂತ ನಾನು ಹೇಳುವುದಿಲ್ಲ. ರಾತ್ರಿ ಕೈ ಅಲ್ಲಾಡುವುದಿಲ್ಲ, ಊಟ ಕಾಫಿ ಇಲ್ಲ, ಮಾತಿಲ್ಲ. ಆಗಿನ ಎಚ್‌ಆರ್‌ವಿ ಮತ್ತು ವಿಶ್ರಾಂತಿಯ ಬಡಿತ ನಿಜಕ್ಕೂ ಬೆಲೆಯುಳ್ಳ ಮಾಹಿತಿ. ಎರಡು ಮೂರು ವಾರ ಅದನ್ನೇ ಗಮನಿಸಿ, ನಿಮ್ಮ ಮಾಮೂಲಿ ಮಟ್ಟ ಯಾವುದು ಅಂತ ತಿಳಿಯುತ್ತದೆ. ಎಚ್‌ಆರ್‌ವಿ ಸತತವಾಗಿ ನಾಲ್ಕೈದು ದಿನ ಆ ಮಟ್ಟಕ್ಕಿಂತ ಕೆಳಗೇ ಇದ್ದರೆ ನಿದ್ದೆ ಸಾಲುತ್ತಿಲ್ಲ, ಕೆಲಸ ಜಾಸ್ತಿ ಆಗಿದೆ, ಇಲ್ಲವೇ ನೆಗಡಿ ಜ್ವರ ಬರುವ ಹಾಗಿದೆ ಅಂತ ಅನುಮಾನ ಪಡಬಹುದು. ಗಂಡ-ಹೆಂಡತಿ, ಸ್ನೇಹಿತರು ಪರಸ್ಪರ ಹೋಲಿಸಿಕೊಳ್ಳುವುದು ಬೇಡ. ವಯಸ್ಸಾದಂತೆ ಎಚ್‌ಆರ್‌ವಿ ಇಳಿಯುತ್ತದೆ, ಹುಟ್ಟಿನಿಂದಲೂ ಒಬ್ಬೊಬ್ಬರದು ಒಂದೊಂದು ಥರ. ನಿಮ್ಮ ವಾಚು ಮಿಲಿಸೆಕೆಂಡಿನಲ್ಲಿ ಎಚ್‌ಆರ್‌ವಿ ತೋರಿಸದೆ ಬರೀ ಸ್ಟ್ರೆಸ್ ಅಂಕೆ ಮಾತ್ರ ಕೊಡುತ್ತಿದ್ದರೆ, ನಾನಾಗಿದ್ದರೆ ಆ ಅಂಕೆಯನ್ನು ನೋಡುತ್ತಲೇ ಇರಲಿಲ್ಲ.

ವಾಚು ಹೇಳಿದಂತೆ ನಿಧಾನವಾಗಿ ಉಸಿರಾಡಿದರೆ ನಂಬರ್ ಸರಿಹೋಗುತ್ತದೆ ಅಂತಲೂ ಬರೆದಿದ್ದೀರಿ. ಲ್ಯಾಬಿನ ಆ ಮಂಚದ ಮೇಲೆ ಆಗುವುದೂ ಅದೇ. ನಿಧಾನದ ಉಸಿರು ಬಡಿತದ ಅಂತರಗಳ ಏರುಪೇರನ್ನು ನೇರವಾಗಿ ಹೆಚ್ಚಿಸುತ್ತದೆ. ದೇಹಕ್ಕೆ ಹಿತವಾದ ಅಭ್ಯಾಸ, ಖಂಡಿತ ಮಾಡಿ. ಆದರೆ ನಂಬರ್ ಚೆನ್ನಾಗಿ ಬಂತು ಅಂತ ಮ್ಯಾನೇಜರ್ ಜೊತೆಗಿನ ವಿಷಯವನ್ನು ಹಾಗೇ ಬಿಡಬೇಡಿ.

ಎರಡು ಎಚ್ಚರಿಕೆ ಹೇಳಲೇಬೇಕು. ಹೃದಯದ ಬಡಿತವೇ ತಾಳ ತಪ್ಪುವ ಕಾಯಿಲೆ ಇದ್ದರೆ ಅಂತರಗಳು ಅಡ್ಡಾದಿಡ್ಡಿ ಆಗಿ ಎಚ್‌ಆರ್‌ವಿ ಸುಳ್ಳು ಸುಳ್ಳೇ ಏರುತ್ತದೆ, ವಾಚು ಅದನ್ನು ಆರಾಮು ಅಂತ ಓದಿಬಿಡಬಹುದು. ಎದೆ ಡವಗುಟ್ಟುವುದು, ತಲೆ ಸುತ್ತುವುದು ಇದ್ದರೆ ವಾಚು ನೋಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ ಇಸಿಜಿ ಮಾಡಿಸಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲೂ ಈ ಲೆಕ್ಕ ಬದಲಾಗುತ್ತದೆ. ಇನ್ನೊಂದು, ವಾಚು 30 ತೋರಿಸಿದರೂ ನಿಮಗೆ ನಿದ್ದೆ ಬರುತ್ತಿಲ್ಲ, ಕೆಲಸಕ್ಕೆ ಹೋಗಲು ಹೆದರಿಕೆ ಆಗುತ್ತಿದೆ ಅಂದರೆ ನಿಮ್ಮ ಅನುಭವವೇ ಸರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಯಾವ ಕಂಪನಿಯ ಯಾವ ಮಾಡೆಲ್ ವಾಚು ಅಂತ ಕಾಮೆಂಟಿನಲ್ಲಿ ತಿಳಿಸಿ. ರಾತ್ರಿಯ ಎಚ್‌ಆರ್‌ವಿ ಅದರ ಆ್ಯಪಿನಲ್ಲಿ ಎಲ್ಲಿ ಸಿಗುತ್ತದೆ ಅಂತ ನೋಡಿ ಹೇಳುತ್ತೇನೆ.