ಬಸುರಿಗೆ ಬೆಡ್ ರೆಸ್ಟ್ ಅಂದಾಗ ಅಮೆರಿಕದ ಥರ ಡಿಸೆಬಿಲಿಟಿ ಪೇ ಇಲ್ಲೂ ಕೊಡ್ಬೇಕಾ? ಅಲ್ಲೀವರೆಗೆ ನಾನು ಕೆಲಸ ಬಿಡೋದೇ ಸರಿನಾ?

ಐದು ತಿಂಗಳು, ಹಾಸನದಲ್ಲಿ ಎರಡು ವರ್ಷದಿಂದ ಪ್ರೈವೇಟ್ ಕೆಲಸ, ಡಾಕ್ಟ್ರು ಮಲ್ಕೊಂಡಿರಿ ಅಂದಿದಾರೆ, ಮ್ಯಾನೇಜರ್ "ಈಗ ರಿಸೈನ್ ಮಾಡಿ, ಡೆಲಿವರಿ ಆದ್ಮೇಲೆ ಬನ್ನಿ ನೋಡೋಣ" ಅಂತಿದಾರೆ, ಕ್ಯಾಲಿಫೋರ್ನಿಯಾದಲ್ಲಿರೋ ನಿಮ್ಮ ಅತ್ತಿಗೆಗೆ ಬಸುರಲ್ಲೇ ಡಿಸೆಬಿಲಿಟಿ ಪೇ ಅಂತ, ಅಂದ್ರೆ ಆರೋಗ್ಯದ ಕಾರಣಕ್ಕೆ ಕೆಲಸ ಮಾಡೋಕೆ ಆಗ್ದಿದ್ದಾಗ ಸಿಗೋ ದುಡ್ಡು ಬಂತು. ಇಷ್ಟು ತಾನೆ ನೀವು ಬರೆದಿರೋದು. ಉಳಿದಿದ್ದನ್ನ ಆಮೇಲೆ ಓದಿ, ಮೊದಲು ಇದೊಂದು ಕೇಳಿ: ಆ ರಾಜೀನಾಮೆ ಪತ್ರಕ್ಕೆ ಸೈನ್ ಹಾಕ್ಬೇಡಿ. ಖಾಲಿ ಹಾಳೆಗೂ ಹಾಕ್ಬೇಡಿ, "ಸುಮ್ನೆ ಒಂದು ಮೇಲ್ ಹಾಕ್ಬಿಡಿ ಮೇಡಂ ಫಾರ್ಮಾಲಿಟಿಗೆ" ಅಂದ್ರೂ ಹಾಕ್ಬೇಡಿ.

ನಾನು ಹಾಕ್ದೆ.

ಚಿಕ್ಕಮಗಳೂರಲ್ಲಿ ಕಾಫಿ ಕೊಳ್ಳೋ ಒಂದು ಕಂಪನಿಯ ಅಕೌಂಟ್ಸ್ ಸೆಕ್ಷನ್‌ನಲ್ಲಿದ್ದೆ. ಮನೆ ಆಲ್ದೂರ್ ಕಡೆ, ದಿನಾ ಬಸ್ಸಲ್ಲೇ ಹೋಗಿ ಬರೋದು, ಆ ರೋಡು ಗೊತ್ತಿರೋರಿಗೆ ಗೊತ್ತು ಬರೀ ತಿರುವು. ಜನವರಿ ತಿಂಗಳು. ಅರೇಬಿಕಾ ಪಾರ್ಚ್‌ಮೆಂಟ್ ಬಂದು ಬೀಳ್ತಿದೆ, ಆ ಕಡೆ ರೋಬಸ್ಟಾ ಕೊಯ್ಲು ಶುರು, ಬೆಳೆಗಾರ್ರು ಅಡ್ವಾನ್ಸ್ ಕೇಳ್ಕೊಂಡು ಕೌಂಟರ್ ಮುಂದೆ ನಿಂತಿರ್ತಾರೆ, ಔಟ್‌ಟರ್ನ್ (ಎಷ್ಟು ಶುದ್ಧ ಬೀಜ ಸಿಗುತ್ತೆ ಅನ್ನೋ ಲೆಕ್ಕ) ನೋಡಿ ಬಿಲ್ ಮಾಡ್ಬೇಕು, ಜಿಎಸ್‌ಟಿ ಬೇರೆ, ನಮ್ ಸೆಕ್ಷನ್‌ನಲ್ಲಿ ಯಾರಿಗೂ ತಲೆ ಎತ್ತೋಕೆ ಪುರುಸೊತ್ತಿಲ್ಲ. ಅಂಥ ಟೈಮಲ್ಲಿ ನಂಗೆ ಒಂದಿನ ಆಫೀಸಲ್ಲೇ ಬ್ಲೀಡಿಂಗ್ ಆಯ್ತು. ಸ್ಕ್ಯಾನಿಂಗ್ ಮಾಡಿ ಮಾಸು ತುಂಬಾ ಕೆಳಗಿದೆ, ಬಸ್ ಪ್ರಯಾಣ ಬೇಡ, ಭಾರ ಎತ್ಬೇಡಿ, ರೆಸ್ಟ್ ತಗೊಳ್ಳಿ, ಆಮೇಲೆ ನೋಡೋಣ ಅಂದ್ರು. ಆಗ ನಂಗೂ ಐದೇ ತಿಂಗಳು.

ನನ್ನ ಹತ್ರ ಇದ್ದ ಸಿಕ್ ಲೀವು ಅರ್ನ್ಡ್ ಲೀವು ಎಲ್ಲಾ ಬೇಗ ಮುಗೀತು. ಮ್ಯಾನೇಜರ್ ಫೋನ್ ಮಾಡಿ ಸಮಾಧಾನದಲ್ಲೇ ಮಾತಾಡಿದ್ರು, ಒಂದು ಕೆಟ್ಟ ಮಾತಿಲ್ಲ. "ನೋಡಮ್ಮ, ಮೆಟರ್ನಿಟಿ ಲೀವ್ ಅಂದ್ರೆ ಡೆಲಿವರಿ ಹತ್ರ ಬಂದಾಗ. ಈಗ ನೀನು ತಗೊಳ್ತಿರೋದಕ್ಕೆ ಯಾವ ರೂಲೂ ಇಲ್ಲ. ಸೀಸನ್ನು, ನಿನ್ನ ಜಾಗಕ್ಕೆ ಯಾರನ್ನಾದ್ರೂ ಹಾಕ್ಲೇಬೇಕು. ಬಿಟ್ಟಂಗೆ ಒಂದು ಲೆಟರ್ ಕೊಡು, ಮಗು ಆದ್ಮೇಲೆ ಬಾ, ನಿನ್ನಂಥೋರನ್ನ ಬಿಡ್ತೀವಾ" ಅಂದ್ರು. ಅತ್ತೆನೂ ಅದೇ ಅಂದ್ರು, ಮಗುಗಿಂತ ಹೆಚ್ಚಾ ಕೆಲಸ ಅಂತ. ನಮ್ಮನೆಯವ್ರು ನಿನ್ನಿಷ್ಟ ಅಂದ್ರು. ನಾನು ಹಾಸಿಗೆ ಮೇಲೆ ಕೂತ್ಕೊಂಡು ನನ್ನ ಕೈಯಾರೆ ಬರೆದೆ, "ವೈಯಕ್ತಿಕ ಕಾರಣಗಳಿಂದ ಸ್ವ-ಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ." ಬ್ಲೀಡಿಂಗ್ ಅಂತ ಆಫೀಸಿಗೆ ಬರೆಯೋಕೆ ನಾಚಿಕೆ ಆಗಿ ವೈಯಕ್ತಿಕ ಕಾರಣ ಅಂತ ಹಾಕಿದ್ದು.

ಆ ಒಂದು ಸಾಲು ನಂಗೆ ಏನು ಮಾಡ್ತು ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ನಿಮ್ ಮುಂದೆ ಈಗ ಅದೇ ಕಾಗದ ಇದೆ.

ಮಗು ಆಗಿ ಬಾಣಂತನ ಮುಗಿದ್ಮೇಲೆ ಫೋನ್ ಮಾಡಿದ್ರೆ ಜಾಗ ಖಾಲಿ ಇಲ್ಲ ಅಂದ್ರು. ಸರಿ ಮೆಟರ್ನಿಟಿ ದುಡ್ಡಾದ್ರೂ ಕೊಡಿ ಅಂದ್ರೆ ನೀವೇ ಬಿಟ್ಟಿದ್ದಲ್ವಾ ಅಂದ್ರು. ಕಾರ್ಮಿಕ ಇಲಾಖೆ ಕಚೇರಿಗೆ ಹೋದೆ. ಅಲ್ಲಿದ್ದ ಮೇಡಂ ಕೂರಿಸಿ ಎಲ್ಲಾ ಕೇಳಿ, ನನ್ನ ಲೆಟರಿನ ಜೆರಾಕ್ಸ್ ನೋಡಿ, ಒಂದು ಪ್ರಶ್ನೆ ಕೇಳಿದ್ರು: "ಅವರು ತೆಗೆದ್ರಾ, ನೀವು ಬಿಟ್ರಾ?" ನಾನೇ ಬಿಟ್ಟೆ ಮೇಡಂ ಆದ್ರೆ ಅವ್ರು ಹೇಳಿದ್ದಕ್ಕೆ ಅಂದೆ. ಅವ್ರು ಹೇಳಿದ್ದಕ್ಕೆ ಅನ್ನೋದಕ್ಕೆ ಏನಿದೆ ನಿಮ್ಮತ್ರ, ಮೆಸೇಜು? ಮೇಲು? ಏನೂ ಇಲ್ಲ, ಎಲ್ಲಾ ಫೋನಲ್ಲೇ. ಆಗ ಅವ್ರು ಹೇಳಿದ್ದು ನಂಗೆ ಇವತ್ತೂ ಹೊಟ್ಟೆ ಉರಿಯುತ್ತೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಪ್ರಕಾರ, ರಜೆ ಹಾಕಿದ್ದಕ್ಕೆ ಅಂತ ಕೆಲಸದಿಂದ ತೆಗೆಯೋದು ಕಾನೂನುಬಾಹಿರ, ಅಷ್ಟೇ ಅಲ್ಲ, ಬಸುರಲ್ಲಿ ಇದ್ದಾಗ ಅವ್ರು ತೆಗೆದ್ರೂ ಹೆರಿಗೆ ಸೌಲಭ್ಯದ ದುಡ್ಡನ್ನ ತಪ್ಪಿಸೋಕೆ ಆಗಲ್ಲ, ಕೊಡ್ಲೇಬೇಕು. ಅಂದ್ರೆ ನಾನು ಲೆಟರ್ ಕೊಡದೆ ಸುಮ್ನೆ ಮನೇಲಿ ಮಲ್ಕೊಂಡು ಡಾಕ್ಟ್ರ ಚೀಟಿ ಕಳಿಸಿದ್ದಿದ್ರೆ, ಅವ್ರು ಸಿಟ್ಟಾಗಿ ನನ್ನ ತೆಗೆದುಹಾಕಿದ್ರೂ ಕಾನೂನು ನನ್ನ ಕಡೆ ನಿಲ್ತಿತ್ತು. ನಾನೇ ಬಿಟ್ಟೆ ಅಂತ ಬರೆದುಕೊಟ್ಟಿದ್ದಕ್ಕೆ ನಿಲ್ಲೋಕೆ ಜಾಗನೇ ಉಳೀಲಿಲ್ಲ. ತಿಂಗಳಿಗೆ 24,000 ಸಂಬಳ, ಸಂಬಳ ಸಹಿತ ಹೆರಿಗೆ ರಜೆ 26 ವಾರ ಅಂದ್ರೆ ಆರು ತಿಂಗಳು, ಹತ್ರತ್ರ 1,44,000 ರೂಪಾಯಿ. ಸರ್ವೀಸು ಹೋಯ್ತು, ಗ್ರಾಚ್ಯುಟಿ ಲೆಕ್ಕ ಮತ್ತೆ ಸೊನ್ನೆಯಿಂದ.

ಇನ್ನೊಂದು ಆಗ ಗೊತ್ತಾಗಿದ್ದು. "ಯಾವ ರೂಲೂ ಇಲ್ಲ" ಅಂದಿದ್ರಲ್ಲ ಮ್ಯಾನೇಜರ್, ಅದು ಸುಳ್ಳು. ಅದೇ ಕಾಯ್ದೆಯ ಸೆಕ್ಷನ್ 10 ಇತ್ತು. ಬಸುರಿನಿಂದಾಗಿ ಬರೋ ಕಾಯಿಲೆಗೆ, ಹೆರಿಗೆಯಿಂದ ಆಗೋ ತೊಂದ್ರೆಗೆ, ದಿನ ತುಂಬೋ ಮುಂಚೆ ಹೆರಿಗೆ ಆದ್ರೆ, ಗರ್ಭಪಾತದಿಂದ ಆರೋಗ್ಯ ಕೆಟ್ರೆ, 26 ವಾರದ ಮೇಲೆ ಇನ್ನೂ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆ. ಡಾಕ್ಟ್ರ ಪ್ರೂಫ್ ಕೊಟ್ರೆ ಸಾಕು. ನನ್ನ ಕೇಸು ಅಕ್ಷರ ಅಕ್ಷರ ಅದೇ. ನಾನು "ವೈಯಕ್ತಿಕ ಕಾರಣ" ಅಂದೆ, "ಗರ್ಭಧಾರಣೆಯಿಂದ ಉಂಟಾದ ಕಾಯಿಲೆ" ಅಂತ ಬರೀಬೇಕಿತ್ತು. ಈಗ ಈ ಕಾಯ್ದೆನ 2020ರ ಸಾಮಾಜಿಕ ಭದ್ರತಾ ಸಂಹಿತೆ ಒಳಗೆ ಸೇರಿಸಿದಾರೆ, 2025ರ ನವೆಂಬರ್ 21ರಿಂದ ಜಾರಿ, ಸೆಕ್ಷನ್ ನಂಬರ್ ಬದಲಾಗಿದೆ ಆದ್ರೆ ಹಕ್ಕು ಅದೇ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಬಸುರನ್ನ ಡಿಸೆಬಿಲಿಟಿ ಲೆಕ್ಕಕ್ಕೆ ಸೇರಿಸ್ಬೇಕಾ ಅಂತ. ನಾನು ಬೇಡ ಅಂತೀನಿ, ಖಡಾಖಂಡಿತ ಬೇಡ. ಅಮೆರಿಕದವ್ರು ಹಾಗೆ ಮಾಡಿರೋದು ಅವ್ರಿಗೆ ಬೇರೆ ದಾರಿ ಇರ್ಲಿಲ್ಲ ಅಂತ. ಅಲ್ಲಿ ದೇಶಕ್ಕೆಲ್ಲ ಅನ್ವಯ ಆಗೋ ಸಂಬಳ ಸಹಿತ ಹೆರಿಗೆ ರಜೆ ಇವತ್ತಿಗೂ ಇಲ್ಲ, 1993ರ ಕಾನೂನಲ್ಲಿ ಸಿಗೋದು 12 ವಾರ, ಅದೂ ಸಂಬಳ ಇಲ್ದೆ. ಕಂಪನಿಗಳು ಬೇರೆ ಎಲ್ಲಾ ಕಾಯಿಲೆಗೂ ಡಿಸೆಬಿಲಿಟಿ ದುಡ್ಡು ಕೊಟ್ಟು ಬಸುರಿಗೆ ಮಾತ್ರ ಕೊಡ್ತಿರ್ಲಿಲ್ಲ, ಜನರಲ್ ಎಲೆಕ್ಟ್ರಿಕ್ ಕಂಪನಿ ಮೇಲಿನ ಕೇಸಲ್ಲಿ 1976ರಲ್ಲಿ ಅವ್ರ ಸುಪ್ರೀಂ ಕೋರ್ಟೇ ಅದು ತಾರತಮ್ಯ ಅಲ್ಲ ಅಂತು, ಅದನ್ನ ಸರಿ ಮಾಡೋಕೆ 1978ರಲ್ಲಿ ಬೇರೆ ಕಾನೂನು ತಂದ್ರು, ಬೇರೆಯವ್ರಿಗೆ ಕೊಡೋದಾದ್ರೆ ಬಸುರಿಗೂ ಕೊಡಿ ಅಂತ. ಬೇರೆಯವ್ರಿಗೆ ಕೊಡ್ದೆ ಇದ್ರೆ ಇವ್ಳಿಗೂ ಇಲ್ಲ.

ನಿಮ್ಮ ಅತ್ತಿಗೆ ಲೆಕ್ಕನೇ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಆರೋಗ್ಯವಾಗಿರೋ ಬಸುರಿಗೆ ಡಿಸೆಬಿಲಿಟಿ ದುಡ್ಡು ಸಾಮಾನ್ಯವಾಗಿ ಡ್ಯೂ ಡೇಟ್‌ಗಿಂತ 4 ವಾರ ಮುಂಚೆಯಿಂದ, ನಾರ್ಮಲ್ ಆದ್ರೆ ಹೆರಿಗೆ ಆದ್ಮೇಲೆ 6 ವಾರ, ಸಿಸೇರಿಯನ್ ಆದ್ರೆ 8 ವಾರ. ಆಮೇಲೆ ಮಗು ನೋಡ್ಕೊಳ್ಳೋಕೆ ಅಂತ ಬೇರೆ ಸ್ಕೀಮಲ್ಲಿ 8 ವಾರ. ಎಲ್ಲಾ ಕೂಡಿದ್ರೂ ನಮ್ಮ 26 ಆಗಲ್ಲ. ಬಸುರು ಬಾಣಂತನವನ್ನ ಕಾಯಿಲೆ ಅಂತ ಮಾಡ್ಬಿಟ್ರೆ, ಹೊಲಿಗೆ ಒಣಗಿತಲ್ಲ ಇನ್ನೇನು ಎದ್ದು ಬನ್ನಿ ಅಂತಾರೆ. ಮಗು ಹಾಲು ಕುಡಿಯೋದು, ರಾತ್ರಿ ಎಲ್ಲಾ ಏಳೋದು, ಇದನ್ನೆಲ್ಲ ಯಾವ ಮೆಡಿಕಲ್ ಸರ್ಟಿಫಿಕೇಟಲ್ಲಿ ಬರೀತಾರೆ ಹೇಳಿ. ನಮ್ಮ ಕಾನೂನಲ್ಲಿ ನೀವು ಗಟ್ಟಿಮುಟ್ಟಾಗಿ ಓಡಾಡ್ತಿದ್ರೂ 26 ವಾರ ನಿಮ್ಮದೇ, ಅದರಲ್ಲಿ 8 ವಾರದವರೆಗೆ ಹೆರಿಗೆ ಮುಂಚೆನೇ ತಗೋಬಹುದು, ಯಾರಿಗೂ ಕಾಯಿಲೆ ತೋರಿಸ್ಬೇಕಾಗಿಲ್ಲ. ಅದನ್ನ ಬಿಟ್ಟು ಆ ಕಡೆಗೆ ಯಾಕೆ ಹೋಗ್ಬೇಕು?

ಆದ್ರೆ ಅವ್ರತ್ರ ಒಂದು ಒಳ್ಳೇದಿದೆ, ಅದನ್ನ ಮಾತ್ರ ನಾವು ತಗೋಬೇಕು. ಅಲ್ಲಿ ಆ ದುಡ್ಡು ಮಾಲೀಕನ ಜೇಬಿಂದ ಬರಲ್ಲ, ನೌಕರರ ಸಂಬಳದಲ್ಲಿ ಹಿಡಿದಿದ್ದು ರಾಜ್ಯದ ಫಂಡಿಗೆ ಹೋಗಿ ಅಲ್ಲಿಂದ ಬರುತ್ತೆ. ನಮ್ಮಲ್ಲಿ ಇಎಸ್ಐ (ನೌಕರರ ರಾಜ್ಯ ವಿಮೆ) ಇರೋರಿಗೆ ಮಾತ್ರ ಹಾಗೆ. ನೌಕರರ ಸಂಬಳದಿಂದ ಶೇಕಡಾ 0.75, ಕಂಪನಿಯಿಂದ 3.25, ಹೆರಿಗೆಗೆ 26 ವಾರ ಪೂರ್ತಿ ಸಂಬಳ ಇಎಸ್ಐನೇ ಕೊಡುತ್ತೆ. ಕಾಯಿಲೆ ಅಂತಾದ್ರೆ ವರ್ಷಕ್ಕೆ 91 ದಿನದವರೆಗೆ ಶೇಕಡಾ 70 ಬೇರೆ ಇದೆ. ಅದು ಸಿಗೋದು ತಿಂಗಳಿಗೆ 21,000ದವರೆಗೆ ಸಂಬಳ ಇರೋವ್ರಿಗೆ. ನಂದು 24,000 ಇತ್ತಲ್ಲ, ಸ್ವಲ್ಪ ಜಾಸ್ತಿ ಸಂಬಳ ಬಂತು ಅಂತ ಖುಷಿಪಟ್ಟಿದ್ದೆ, ಅದಕ್ಕೇ ನಾನು ಇಎಸ್ಐಯಿಂದ ಹೊರಗೆ ಬಿದ್ದಿದ್ದೆ, ಹೊರಗೆ ಬಿದ್ದೋರಿಗೆ ಪೂರ್ತಿ 26 ವಾರ ಮಾಲೀಕನೇ ಕೊಡ್ಬೇಕು. ಅದಕ್ಕೇ ಬಸುರಿ ಅಂತ ಗೊತ್ತಾದ ತಕ್ಷಣ ನಯವಾಗಿ ಲೆಟರ್ ಕೇಳೋದು. ನಮ್ಮ ಮ್ಯಾನೇಜರ್ ದುಷ್ಟ ಅಲ್ಲ, ಆ ದುಡ್ಡು ಉಳಿಸೋದು ಅವ್ರ ಕೆಲಸ ಆಗಿತ್ತು. 1928ರಲ್ಲಿ ಬಾಂಬೆ ಕೌನ್ಸಿಲಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅಂಬೇಡ್ಕರ್ ಅದನ್ನ ಬೆಂಬಲಿಸಿ, ಈ ಖರ್ಚಿನ ಹೊರೆ ಹೆಚ್ಚಿನಂಶ ಸರ್ಕಾರ ಹೊರಬೇಕು ಅಂತಲೇ ಹೇಳಿದ್ರು. ಸುಮಾರು ನೂರು ವರ್ಷ ಆಗ್ತಾ ಬಂತು, ನಾವಿನ್ನೂ ಮಾಲೀಕನ ಮುಖ ನೋಡ್ಕೊಂಡು ಕೂತಿದೀವಿ.

ಮತ್ತೆ ಕಾನೂನಲ್ಲಿ ನಿಜವಾಗ್ಲೂ ಒಂದು ತೂತಿದೆ, ಅದನ್ನ ನಾನು ಒಪ್ಕೋತೀನಿ, ನೀವು ಕೇಳ್ತಿರೋದೂ ಅದನ್ನೇ ಅನ್ಸುತ್ತೆ. ಐದನೇ ತಿಂಗಳಲ್ಲಿ ರೆಸ್ಟ್ ಅಂದ್ರೆ ಹಳೇ ಸೆಕ್ಷನ್ 10ರ ಒಂದು ತಿಂಗಳು ಮುಗಿಯುತ್ತೆ, ಹೆರಿಗೆ ಮುಂಚಿನ 8 ವಾರ ಶುರು ಆಗೋಕೆ ಇನ್ನೂ ಎರಡು ತಿಂಗಳ ಹತ್ರ ಇರುತ್ತೆ. ಇಎಸ್ಐ ಇದ್ರೆ ಆ 91 ದಿನದಲ್ಲಿ ದಾಟ್ಕೋಬಹುದು. ಇಲ್ದೇ ಇರೋರು ಸಂಬಳ ಇಲ್ಲದ ರಜೆ ಹಾಕ್ಬೇಕು. ಆ ಎರಡು ತಿಂಗಳಿಗೆ ಸರ್ಕಾರದ ಫಂಡಿಂದ ದುಡ್ಡು ಬರೋ ಹಾಗೆ ಆಗ್ಬೇಕು, ಸಂಬಳ ಎಷ್ಟೇ ಇರ್ಲಿ. ನನ್ನ ಪ್ರಕಾರ ಹೋರಾಡೋದಾದ್ರೆ ಅದಕ್ಕೆ ಹೋರಾಡ್ಬೇಕು. ಆದ್ರೆ ನೋಡಿ, ಸಂಬಳ ಇಲ್ಲದ ರಜೆನೂ ರಾಜೀನಾಮೆಗಿಂತ ಸಾವಿರ ಪಾಲು ವಾಸಿ. ರಜೆ ಮೇಲಿದ್ರೆ ನೀವು ಇನ್ನೂ ನೌಕರಿಯಲ್ಲಿದೀರ, ಹೆರಿಗೆ ಡೇಟಿಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ 26 ವಾರ ಬರುತ್ತೆ, ನೀವು ಎರಡು ವರ್ಷದಿಂದ ಅಲ್ಲೇ ಇದೀನಿ ಅಂದಿದೀರ, 80 ದಿನ ಯಾವತ್ತೋ ಆಗಿರುತ್ತೆ. ಎರಡು ತಿಂಗಳ ಸಂಬಳ ಹೋದ್ರೂ ಆರು ತಿಂಗಳದ್ದು ಉಳಿಯುತ್ತೆ. ನಂಗೆ ಆಗ ಈ ಲೆಕ್ಕ ಯಾರಾದ್ರೂ ಒಬ್ರು ಹೇಳಿದ್ರೆ ಸಾಕಿತ್ತು, ಅಕೌಂಟ್ಸಲ್ಲಿದ್ದೋಳಿಗೆ ಅರ್ಥ ಆಗೋಕೆ ನಿಮಿಷ ಬೇಕಿರ್ಲಿಲ್ಲ.

ಟೆಂಪರರಿ, ಕಾಂಟ್ರ್ಯಾಕ್ಟ್ ಅಂತ ಹೆದರಿಸಿದ್ರೂ ಹೆದರ್ಬೇಡಿ, ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಈ ಸೌಲಭ್ಯ ಕೊಡ್ಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ನಾಳೆ ಮಾಡ್ಬೇಕಾದ್ದು ಇಷ್ಟು. ಡಾಕ್ಟ್ರತ್ರ ಬರೀ "ರೆಸ್ಟ್" ಅಂತ ಚೀಟಿ ತರ್ಬೇಡಿ, ಏನು ತೊಂದ್ರೆ, ಅದು ಬಸುರಿನಿಂದ ಆಗಿರೋದು, ಯಾವತ್ತಿಂದ ಯಾವತ್ತಿನವರೆಗೆ, ಡ್ಯೂ ಡೇಟ್ ಯಾವಾಗ, ಎಲ್ಲಾ ಬರೆಸಿ ಸೀಲ್ ಹಾಕಿಸ್ಕೊಳ್ಳಿ. ತಾಯಿ ಕಾರ್ಡ್ ಜೆರಾಕ್ಸ್ ಇಡಿ. ಮೇಲಲ್ಲಿ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟಲ್ಲೂ ಕಳಿಸಿ. ಮ್ಯಾನೇಜರ್ ಫೋನಲ್ಲಿ ರಿಸೈನ್ ಮಾಡಿ ಅಂದ್ರೆ, ಫೋನ್ ಇಟ್ಟ ತಕ್ಷಣ "ಸರ್ ನೀವು ಈಗ ಹೀಗೆ ಹೇಳಿದ್ರಿ, ನಾನು ಕೆಲಸ ಬಿಡಲ್ಲ, ರಜೆ ಕೇಳ್ತಿದೀನಿ" ಅಂತ ಒಂದು ಮೆಸೇಜ್ ಹಾಕಿ ಇಟ್ಕೊಳ್ಳಿ. ನಾಚಿಕೆ ಪಡ್ಬೇಡಿ ತಂಗಿ, ಬ್ಲೀಡಿಂಗ್ ಅಂದ್ರೆ ಬ್ಲೀಡಿಂಗ್ ಅಂತಲೇ ಬರೀರಿ. ಮನೆಯವ್ರು ಏನಂದ್ರೂ ಅವ್ರಿಗೂ ಇದನ್ನ ಓದಿಸಿ.

ಎರಡು ವಿಷಯ ನೀವು ಬರೆದಿಲ್ಲ. ಸ್ಯಾಲರಿ ಸ್ಲಿಪ್ಪಲ್ಲಿ ಇಎಸ್ಐ ಅಂತ ಕಟ್ ಆಗ್ತಿದ್ಯಾ, ಆಮೇಲೆ ನಿಮ್ಮ ಕಂಪನಿಯಲ್ಲಿ ಹತ್ತು ಜನರಿಗಿಂತ ಕಮ್ಮಿ ಇದಾರಾ ಜಾಸ್ತಿ ಇದಾರಾ. ಇಎಸ್ಐ ಇದ್ರೆ ದುಡ್ಡು ಕೇಳ್ಬೇಕಾಗಿರೋದು ಮ್ಯಾನೇಜರ್ ಹತ್ರ ಅಲ್ಲ, ಇಎಸ್ಐ ಆಫೀಸಲ್ಲಿ, ಸರ್ಟಿಫಿಕೇಟೂ ಇಎಸ್ಐ ಡಿಸ್ಪೆನ್ಸರಿ ಮೂಲಕ ಆಗ್ಬೇಕು, ಅದಕ್ಕೆ ಲೇಟ್ ಮಾಡ್ಬೇಡಿ. ಅದೆರಡು ಕೆಳಗೆ ಬರೀರಿ, ಅರ್ಜಿ ಹೆಂಗೆ ಬರೀಬೇಕು ಅಂತ ನಾನೇ ಕನ್ನಡದಲ್ಲಿ ಬರೆದು ಹಾಕ್ತೀನಿ.