ಲೆಕ್ಕ ಬರೆಯದ ಋಣ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದ ಮೇಲೆಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯವರ ವಿವರ ಮತ್ತು ಹಣದ ಮೊತ್ತಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಅವರ ಕಷ್ಟದ ಸ್ವರೂಪವನ್ನಾಗಲಿ, ನಾನು ಕೊಟ್ಟ ಸಲಹೆಯನ್ನಾಗಲಿ, ಆ ಸಲಹೆಯಲ್ಲಿ ಮೊದಲು ನಾನೇ ಎಡವಿದ್ದನ್ನಾಗಲಿ ಬದಲಿಸಿಲ್ಲ.

ಆಕೆ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಮದುವೆಯಾದ ಮೇಲೆ ಶಿವಮೊಗ್ಗದಲ್ಲಿ ನೆಲೆಸಿದವರು. ವಯಸ್ಸು ಮೂವತ್ತರ ಆಸುಪಾಸು. ಯಾವ ಸಂಸ್ಥೆಯ ನೌಕರಿಯೂ ಇಲ್ಲದೆ, ಮನೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಗ್ರಾಫಿಕ್ ಡಿಸೈನ್ ಕೆಲಸ ಮಾಡುತ್ತಾರೆ. ಮದುವೆಯ ಕರೆಯೋಲೆ, ಅಂಗಡಿಯ ಬೋರ್ಡು, ಸಹಕಾರ ಸಂಘಗಳ ವಾರ್ಷಿಕ ವರದಿ, ಜಾತ್ರೆಯ ಫ್ಲೆಕ್ಸ್, ಹೀಗೆ ಕೈಗೆ ಬಂದದ್ದೆಲ್ಲ. ಮಾಘದಿಂದ ವೈಶಾಖದವರೆಗೆ ಊಟಕ್ಕೆ ಏಳಲೂ ಪುರುಸೊತ್ತಿರುವುದಿಲ್ಲ. ಆಷಾಢದಲ್ಲಿ ಕರೆಯೋಲೆಯೂ ಇಲ್ಲ, ಮಳೆಗೆ ಕರೆಂಟೂ ಇಲ್ಲ. ಇದರ ಜೊತೆಗೆ ಆರು ವರ್ಷಗಳಿಂದ, ಬಡ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸುವ ಒಂದು ಸಣ್ಣ ಟ್ರಸ್ಟಿಗೆ ಪೋಸ್ಟರುಗಳನ್ನೂ ವಾಟ್ಸಾಪ್ ಮನವಿಗಳನ್ನೂ ಉಚಿತವಾಗಿ ಮಾಡಿಕೊಡುತ್ತಿದ್ದರು. ಮೊದಮೊದಲು ಬರಿಯ ವಿನ್ಯಾಸವಷ್ಟೇ ಇದ್ದದ್ದು, ಬರಬರುತ್ತ ದಾನಿಗಳಿಗೆ ಫೋನ್ ಮಾಡುವುದು, ಆಸ್ಪತ್ರೆಯ ಬಿಲ್ಲು ತರಿಸಿಕೊಳ್ಳುವುದು ಎಂದು ಬೆಳೆಯಿತು. ಕೊನೆಗೆ ತುರ್ತಿನ ನೆಪದಲ್ಲಿ ಪೋಸ್ಟರಿನ ಮೂಲೆಯಲ್ಲಿ ತಮ್ಮ ಸ್ವಂತ ಖಾತೆಯ ಕ್ಯೂಆರ್ ಕೋಡನ್ನೇ ಹಾಕುವ ಹಂತಕ್ಕೆ ಬಂದಿತ್ತು.

ಜೂನ್ ಕೊನೆಯ ವಾರದಲ್ಲಿ, ಮಳೆ ಹಿಡಿದ ಒಂದು ಮಧ್ಯಾಹ್ನ ಅವರು ನನ್ನಲ್ಲಿಗೆ ಬಂದರು. ಗಂಡ ಜೊತೆಗೆ ಬಂದಿದ್ದರೂ ಒಳಗೆ ಬರದೆ, ಒದ್ದೆ ಕೊಡೆಯನ್ನು ಕಾಲ ಬಳಿ ಇಟ್ಟುಕೊಂಡು ಹೊರಗಿನ ಬೆಂಚಿನಲ್ಲೇ ಕುಳಿತರು. ಎರಡು ತಿಂಗಳಿಂದ ನಿದ್ದೆ ಸರಿಯಾಗಿಲ್ಲ, ಕಂಪ್ಯೂಟರಿನ ಮುಂದೆ ಕೂತು ಮೌಸ್ ಹಿಡಿದರೆ ಕೈ ಮರಗಟ್ಟಿದಂತಾಗುತ್ತದೆ, ಮೂರು ಗಿರಾಕಿಗಳಿಗೆ ಮುಂಗಡ ವಾಪಸ್ ಕೊಟ್ಟಾಯಿತು ಎಂಬುದು ದೂರು. ಫೋನ್ ರಿಂಗಾದರೆ ಎದೆ ಧಸಕ್ ಎನ್ನುತ್ತದೆ ಎಂದೂ ಹೇಳಿದರು. ಖಿನ್ನತೆಯ ಅಳತೆಗೆ ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ 27ಕ್ಕೆ 12 ಅಂಕ ಬಂದವು. ಇದನ್ನು ನಡುಮಟ್ಟದ್ದೆಂದು ಪರಿಗಣಿಸುತ್ತೇವೆ. ಬದುಕು ಸಾಕೆನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದರು. ಆದರೂ ರಾತ್ರಿ ಹೊತ್ತಿನಲ್ಲಿ ತೀರಾ ಕಷ್ಟವಾದರೆ ಕರೆ ಮಾಡಲೆಂದು ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಬರೆದುಕೊಟ್ಟು, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ಸುಸ್ತು, ನಿದ್ದೆಗೇಡು ಎಂದು ಬರುವ ಹೆಂಗಸರಲ್ಲಿ ರಕ್ತಹೀನತೆಯನ್ನು ಮನಸ್ಸಿನ ಕಾಯಿಲೆಯೆಂದು ತಿಳಿದು ತಿಂಗಳುಗಟ್ಟಲೆ ಮಾತಾಡಿಸಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ಇವರ ವರದಿ ಸರಿಯಾಗಿಯೇ ಇತ್ತು.

ಮೊದಲ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ತಪ್ಪಾಗಿತ್ತು. ಪರರ ನೋವನ್ನು ದಿನವೂ ಹೊತ್ತು ದಣಿದವರಿಗೆ ಹೇಳುವ ಮಾತನ್ನೇ ಇವರಿಗೂ ಹೇಳಿ, ಒಂದು ತಿಂಗಳು ಟ್ರಸ್ಟಿನ ಕೆಲಸವನ್ನು ಪೂರ್ತಿ ನಿಲ್ಲಿಸುವಂತೆ ಸೂಚಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಂದಾಗ ಅವರು ಇನ್ನಷ್ಟು ಕುಸಿದಿದ್ದರು. ಕೆಲಸ ನಿಂತಿತ್ತೇ ಹೊರತು ಹೊರೆ ಇಳಿದಿರಲಿಲ್ಲ; ಮೇಲಾಗಿ, ಮಾಡಬೇಕಾದ್ದನ್ನು ಮಾಡದೆ ಕುಳಿತಿದ್ದೇನೆ ಎಂಬ ಹೊಸ ಸಂಕಟವೊಂದು ಸೇರಿಕೊಂಡಿತ್ತು. ಅವರ ಪಾಲಿಗೆ ಆ ಕೆಲಸ ಸೇವೆಯೂ ಅಲ್ಲ, ಹವ್ಯಾಸವೂ ಅಲ್ಲ, ಬೇರೇನೋ ಆಗಿದೆ ಎಂದು ನನಗೆ ಹೊಳೆದದ್ದು ಆಗಲೇ.

ಮೂರನೆಯ ಭೇಟಿಯಲ್ಲಿ ಮಾತು ಹೊರಬಂತು. ರಕ್ತದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ ಏಳು ವರ್ಷದ ಹುಡುಗನೊಬ್ಬನಿಗಾಗಿ ಏಪ್ರಿಲ್‌ನಲ್ಲಿ ಮನವಿ ಮಾಡಬೇಕಾಗಿತ್ತು. ತಾಯಿ ಕಳಿಸಿದ ಫೋಟೋದಲ್ಲಿ ಹುಡುಗ ಬಿಸ್ಕತ್ತಿನ ಪೊಟ್ಟಣ ಹಿಡಿದು ನಗುತ್ತಿದ್ದ. 'ನಗೋ ಮಗುಗೆ ಯಾರಮ್ಮ ದುಡ್ಡು ಕೊಡ್ತಾರೆ' ಎಂದು ಟ್ರಸ್ಟಿನವರೊಬ್ಬರು ಅಂದರಂತೆ. ಇವರು ಪೊಟ್ಟಣ ಕಾಣದಂತೆ ಚಿತ್ರವನ್ನು ಕತ್ತರಿಸಿ, ಬಣ್ಣವನ್ನು ಇಳಿಸಿ, ಕಣ್ಣಿನ ಕೆಳಗಿನ ಕಪ್ಪನ್ನು ಸ್ವಲ್ಪ ಗಾಢ ಮಾಡಿ, ತುಟಿಯ ತುದಿಯನ್ನು ನೆರಳಿನಲ್ಲಿ ಮರೆಸಿದರು. 'ಎರಡು ನಿಮಿಷದ ಕೆಲಸ ಮೇಡಂ' ಎಂದು ಹೇಳುವಾಗ ಅವರ ಬಲಗೈಯ ತೋರುಬೆರಳು ಮೇಜಿನ ಮೇಲೆ, ಮೌಸ್ ಒತ್ತುವಂತೆ, ತಾನಾಗಿ ಆಡುತ್ತಿತ್ತು. ಮೂರು ದಿನದಲ್ಲಿ 2,40,000 ರೂಪಾಯಿ ಬಂತು. ಹತ್ತೊಂಬತ್ತನೆಯ ದಿನ ಹುಡುಗ ತೀರಿಕೊಂಡ. ಕೆಲವು ದಿನಗಳ ಮೇಲೆ ತಾಯಿ ಫೋನ್ ಮಾಡಿ, ಮೊಬೈಲ್ ಹಾಳಾಗಿ ಫೋಟೋಗಳೆಲ್ಲ ಹೋಗಿವೆ, ನಿಮ್ಮ ಹತ್ತಿರ ಇರುವುದನ್ನೇ ದೊಡ್ಡದು ಮಾಡಿಸಿ ಕೊಡಿ ಅಕ್ಕ, ಗೋಡೆಗೆ ಹಾಕಬೇಕು ಎಂದರು. ನಾಳೆ ಕೊಡುತ್ತೇನೆ ಎಂದ ಇವರಿಗೆ ಆ ಫೈಲನ್ನು ತೆರೆಯಲು ಸಾಧ್ಯವಾಗಲಿಲ್ಲ. ಕೈ ಮರಗಟ್ಟಲು ಶುರುವಾದದ್ದು ಅಲ್ಲಿಂದ.

ಇಂಥ ಸಂದರ್ಭದಲ್ಲಿ 'ನಿಮ್ಮದೇನೂ ತಪ್ಪಿಲ್ಲ' ಎಂದುಬಿಡುವುದು ಸುಲಭ. ಗಂಡ, ಅತ್ತೆ, ಗೆಳತಿಯರು ಎಲ್ಲರೂ ಅದನ್ನೇ ಹೇಳಿದ್ದರು, ಅದರಿಂದ ಏನೂ ಆಗಿರಲಿಲ್ಲ. ನಾನು ಎರಡನ್ನು ಬೇರ್ಪಡಿಸಿ ಹೇಳಿದೆ: ಹುಡುಗನ ಸಾವಿಗೆ ನೀವು ಹೊಣೆಯಲ್ಲ, ಆ ಚಿತ್ರಕ್ಕೆ ನೀವು ಹೊಣೆ. ಅವರು ಬಹಳ ಹೊತ್ತು ಅತ್ತರು. ಅದು ನೋವಿನ ಅಳುವಲ್ಲ ಎಂದು ನನಗನ್ನಿಸಿತು. ತಾನು ಮಾಡಿದ್ದನ್ನು ಮಾಡಿದಷ್ಟೇ ಅಳತೆಯಲ್ಲಿ ಯಾರೋ ಒಪ್ಪಿಕೊಂಡರಲ್ಲ ಎಂಬ ನಿರಾಳ ಅದರಲ್ಲಿತ್ತು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಇವರಿಗೆ ಆಗುವುದಿಲ್ಲ ಎನ್ನಲು ಬಾಯಿ ಬಾರದಿದ್ದದ್ದು ಏಕೆ? ಟ್ರಸ್ಟಿನ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು; 'ನೀನು ನಮ್ಮನೆ ಹುಡುಗಿಯಲ್ವಾ' ಎಂದರೆ ಅಲ್ಲಿಗೆ ಮುಗಿಯಿತು. ಕೆದಕಿದಾಗ ತಿಳಿದದ್ದು ಇಷ್ಟು. ಇವರಿಗೆ ಹದಿನೇಳು ವರ್ಷವಿದ್ದಾಗ ತಂದೆಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂದು, ಊರವರು ಮನೆಮನೆಯಿಂದ ಹಣ ಎತ್ತಿ ಅವರನ್ನು ಬೆಂಗಳೂರಿಗೆ ಕಳುಹಿಸಿದ್ದರು. ತಂದೆ ಆಮೇಲೆ ಹನ್ನೊಂದು ವರ್ಷ ಬದುಕಿದರು. ಆ ಋಣವನ್ನು ತೀರಿಸಬೇಕೆಂಬ ಹಟದಲ್ಲಿ ಈಕೆ ದುಡಿಯುತ್ತಿದ್ದರು, ಆದರೆ ಋಣ ಎಷ್ಟು, ತೀರಿದ್ದೆಷ್ಟು ಎಂಬ ಲೆಕ್ಕ ಇರಲಿಲ್ಲ. ಲೆಕ್ಕ ಹಾಕುವುದೇ ಕೃತಘ್ನತೆ ಎಂದು ಅವರು ನಂಬಿದ್ದರು.

ಆಗ ನಾನು ಮುಯ್ಯಾಳಿನ ವಿಷಯ ತೆಗೆದೆ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೆಟ್ಟಿಗೋ ಅಡಿಕೆ ಕೊಯ್ಲಿಗೋ ಅವರ ಮನೆಯಿಂದ ಎರಡು ಆಳು ಬಂದರೆ, ನಮ್ಮ ಮನೆಯಿಂದಲೂ ಎರಡು ಆಳು ಹೋಗಬೇಕು. ಮೂರು ಹೋಗಬೇಕಾಗಿಲ್ಲ, ಒಂದು ಹೋದರೆ ಸಾಲದು. ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಪುಸ್ತಕ ಹಿಡಿದು ಒಬ್ಬರು ಕೂರುತ್ತಾರೆ, ಅದನ್ನು ಯಾರೂ ಜಿಪುಣತನ ಎನ್ನುವುದಿಲ್ಲ. ನಮ್ಮ ಹಿರಿಯರು ಉಪಕಾರವನ್ನು ಎಣಿಸಿದ್ದು ಸಂಬಂಧ ಮುರಿಯಲೆಂದಲ್ಲ, ಇಬ್ಬರೂ ತಲೆಯೆತ್ತಿ ಓಡಾಡಲೆಂದು. ನಿಮ್ಮ ತಂದೆಗಾಗಿ ಎತ್ತಿದ ಹಣಕ್ಕೂ ಪುಸ್ತಕವೊಂದು ಇದ್ದಿರಲೇಬೇಕು, ತಾಯಿಯ ಹತ್ತಿರ ಕೇಳಿನೋಡಿ ಎಂದೆ.

ಪುಸ್ತಕ ಇತ್ತು. ಇನ್ನೂರು ಪುಟದ ನೋಟುಬುಕ್, ಅಂಚು ಗೆದ್ದಲು ಹಿಡಿದದ್ದು. ಐವತ್ತು, ನೂರು, ಐನೂರು ರೂಪಾಯಿಗಳ ಎದುರಿಗೆ ಮನೆಗಳ ಹೆಸರು; ಒಂದು ಕಡೆ 'ಅಕ್ಕಿ ಒಂದು ಮೂಟೆ' ಎಂದೂ ಇತ್ತು. ಒಟ್ಟು 1,86,400 ರೂಪಾಯಿ. ನಾವಿಬ್ಬರೂ ನಿರೀಕ್ಷಿಸದೆ ಇದ್ದದ್ದು ಬಲಬದಿಯ ಅಂಚಿನಲ್ಲಿತ್ತು: ಹೆಚ್ಚಿನ ಹೆಸರುಗಳ ಪಕ್ಕದಲ್ಲಿ ತಾಯಿಯ ಕೈಬರಹದಲ್ಲಿ 'ಮಗಳ ಮದುವೆಗೆ 500', 'ಸೊಸೆ ಬಾಣಂತನಕ್ಕೆ ಹದಿನೈದು ದಿನ ಹೋಗಿದ್ದೆ', 'ಎರಡಾಳು ಮುಯ್ಯಿ ಸಂದಿತು' ಎಂಬ ಟಿಪ್ಪಣಿಗಳಿದ್ದವು. ಹದಿನಾಲ್ಕು ವರ್ಷಗಳಿಂದ ತಾಯಿ ಯಾರಿಗೂ ಹೇಳದೆ ಆ ಸಾಲವನ್ನು ತೀರಿಸುತ್ತ ಬಂದಿದ್ದರು. ಉಳಿದದ್ದು ಏಳೋ ಎಂಟೋ ಮನೆ. ಇದನ್ನು ಕಂಡು ಮಗಳಿಗೆ ಸಮಾಧಾನವಾಗಿರಬೇಕು ಎಂದು ಓದುಗರು ಊಹಿಸಬಹುದು. ಆದದ್ದು ಸಿಟ್ಟು. ತನಗೊಂದು ಮಾತು ಹೇಳಬಾರದಿತ್ತೇ ಎಂದು ತಾಯಿಯೊಡನೆ ವಾರಗಟ್ಟಲೆ ಮಾತು ಬಿಟ್ಟಿದ್ದರು. ಆ ಸಿಟ್ಟಿಗೆ ಒಂದಿಡೀ ಭೇಟಿಯನ್ನು ಮೀಸಲಿಟ್ಟೆವು. ಆ ನಂತರವೇ, ಉಳಿದ ಮನೆಗಳ ಪಾಲನ್ನು ತಾಯಿ ಮಗಳು ಸೇರಿ ತೀರಿಸುವುದೆಂದೂ ಟ್ರಸ್ಟಿನ ಕೆಲಸವನ್ನು ಈ ಋಣಕ್ಕೆ ತಳುಕು ಹಾಕಬಾರದೆಂದೂ ಅವರು ತಾವಾಗಿ ಹೇಳಿದರು.

ಹಣದ ವಿಷಯದಲ್ಲಿ ಮಾತ್ರ ನಾನು ಕಾಯಲಿಲ್ಲ. ಎಷ್ಟು ಬಂತು, ಎಷ್ಟು ಕೊಟ್ಟರು ಎಂಬ ಪಿಸುಮಾತು ಊರಿನ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಶುರುವಾಗಿತ್ತು. ಸ್ವಂತ ಖಾತೆಗೆ ದೇಣಿಗೆ ತರಿಸಿಕೊಳ್ಳುವುದನ್ನು ಅಂದೇ ನಿಲ್ಲಿಸಲು ಹೇಳಿ, ಲೆಕ್ಕಪರಿಶೋಧಕರೊಬ್ಬರ ಬಳಿಗೆ ಕಳುಹಿಸಿದೆ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ, ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಉಚಿತವಾಗಿ ಒಬ್ಬರ ಖಾತೆಗೆ ಬಂದರೆ ಅದನ್ನು ಅವರ ಆದಾಯವೆಂದೇ ಪರಿಗಣಿಸುವ ಸಂಭವವಿತ್ತು. ದಾನಿಗಳಿಗೂ ನಷ್ಟವೇ, ಅದೇ ಕಾಯ್ದೆಯ 80ಜಿ ಕಲಮಿನ ಮಾನ್ಯತೆಯುಳ್ಳ ಟ್ರಸ್ಟಿನ ಖಾತೆಗೆ ಕೊಟ್ಟರೆ ಸಿಗಬಹುದಾಗಿದ್ದ ತೆರಿಗೆ ರಿಯಾಯಿತಿ ವ್ಯಕ್ತಿಯ ಖಾತೆಗೆ ಕೊಟ್ಟರೆ ಸಿಗುತ್ತಿರಲಿಲ್ಲ. ಹಳೆಯ ಬ್ಯಾಂಕ್ ವಿವರವನ್ನೂ ಆಸ್ಪತ್ರೆಯ ರಸೀದಿಗಳನ್ನೂ ಎದುರುಬದುರು ಇಟ್ಟು ತಾಳೆ ನೋಡಲು ಅವರಿಗೆ ಮೂರು ವಾರ ಹಿಡಿಯಿತು. 8,500 ರೂಪಾಯಿಗೆ ರಸೀದಿ ಸಿಗಲೇ ಇಲ್ಲ. ಅದನ್ನು ಕೈಯಿಂದ ತುಂಬಿ ಮುಚ್ಚಿಬಿಡೋಣ ಎಂದು ಗಂಡ ಹೇಳಿದಾಗ, ತುಂಬಿ, ಆದರೆ ಮುಚ್ಚಬೇಡಿ ಎಂದೆ. ರಸೀದಿ ಸಿಗದ ಮೊತ್ತ ಇಷ್ಟು, ಅದನ್ನು ನಾನು ಟ್ರಸ್ಟಿಗೆ ಕಟ್ಟಿದ್ದೇನೆ ಎಂಬ ಸಾಲಿನೊಂದಿಗೆ ಪೂರ್ತಿ ಲೆಕ್ಕವನ್ನು ಅದೇ ಗುಂಪಿಗೆ ಹಾಕಿದರು. ಪಿಸುಮಾತು ನಿಂತಿತು, ಕ್ಷಮೆಯನ್ನಂತೂ ಯಾರೂ ಕೇಳಲಿಲ್ಲ.

ಮನವಿ ಬಂದ ಕೂಡಲೇ ಪೋಸ್ಟರಿಗೆ ಕೈಹಾಕದೆ, ಆ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಅನ್ವಯವಾಗುತ್ತದೆಯೇ ಎಂದು ಮೊದಲು ವಿಚಾರಿಸುವ ರೂಢಿ ಮಾಡಿಕೊಳ್ಳಲು ಹೇಳಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅದರಲ್ಲಿ ನೆರವಿದೆ. ಪ್ರತಿ ಜೀವವೂ ತನ್ನ ಪೋಸ್ಟರನ್ನೇ ನಂಬಿ ನಿಂತಿದೆ ಎಂಬ ಭ್ರಮೆ ಇದರಿಂದ ಅರ್ಧಕ್ಕರ್ಧ ಇಳಿಯಿತೆಂದು ಅವರೇ ಆಮೇಲೆ ಹೇಳಿದರು.

ಕೆಲಸದ ಮಿತಿಗಾಗಿ ನಾವು ಕಂಡುಕೊಂಡ ಉಪಾಯ ಬಿಲ್ಲು. ಉಚಿತ ಕೆಲಸಕ್ಕೂ ಬಿಲ್ಲು ಬರೆಯಿರಿ. ಮೊದಲ ಸಾಲಿನಲ್ಲಿ ನಿಮ್ಮ ನಿಜವಾದ ದರ, ಎರಡನೆಯದರಲ್ಲಿ 'ನನ್ನ ಸೇವೆಯ ಪಾಲು' ಎಂದು ಅಷ್ಟೇ ಮೊತ್ತದ ಕಡಿತ, ಕೆಳಗೆ ಸೊನ್ನೆ. ವಾರಕ್ಕೆ ಆರು ಗಂಟೆಗಿಂತ ಹೆಚ್ಚು ಬೇಡ. ದುಡಿಮೆಯಾಗಿ ಕೊಟ್ಟದ್ದಕ್ಕೆ 80ಜಿ ರಿಯಾಯಿತಿ ಇರಲಿಲ್ಲವಾದ್ದರಿಂದ ತೆರಿಗೆಗೆ ಈ ಬಿಲ್ಲಿನಿಂದ ಕಾಸಿನ ಉಪಯೋಗವಿರಲಿಲ್ಲ, ಆದರೆ ಇದನ್ನು ಓದಬೇಕಾದವರು ಇಬ್ಬರಿದ್ದರು: ಕಾರ್ಯದರ್ಶಿ ಮತ್ತು ಬರೆದವರು. ಮೊದಲ ತಿಂಗಳು ಮೊತ್ತ 11,200 ಆದದ್ದನ್ನು ನೋಡಿ ಮೇಷ್ಟ್ರು ಫೋನ್ ಮಾಡಿ, 'ಇಷ್ಟಾಗುತ್ತೆ ಅಂತ ಗೊತ್ತೇ ಇರಲಿಲ್ಲ ಕಣಮ್ಮ' ಎಂದು ಬಹಳ ಹೊತ್ತು ಸುಮ್ಮನಿದ್ದರಂತೆ. ಮಿತಿ ದಾಟಿದಾಗ ಕಳುಹಿಸಬೇಕಾದ ಉತ್ತರವನ್ನು ನನ್ನೆದುರಿಗೇ ಬರೆಸಿದೆ: 'ಈ ವಾರದ ನನ್ನ ಪಾಲಿನ ಕೆಲಸ ಮುಗಿದಿದೆ, ಸೋಮವಾರ ಮಾಡಿಕೊಡುತ್ತೇನೆ, ಅಷ್ಟರೊಳಗೆ ಬೇಕಾದರೆ ಬೇರೆಯವರಿಂದ ಮಾಡಿಸಿ, ಬೇಸರವಿಲ್ಲ.' ಕ್ಷಮಿಸಿ ಎಂಬ ಪದವನ್ನು ಅವರು ಎರಡು ಸಲ ಸೇರಿಸಿದರು, ಎರಡು ಸಲವೂ ತೆಗೆಸಿದೆ. ರೋಗಿಯ ಚಿತ್ರವನ್ನು ಹೇಗೆ ಬಳಸಬೇಕೆಂಬ ನಿಯಮವನ್ನು ಅವರೇ ಹಾಕಿಕೊಂಡರು: ಬೆಳಕು ಸರಿಪಡಿಸಬಹುದು, ಮುಖ ಮುಟ್ಟಬಾರದು, ಹಂಚುವ ಮೊದಲು ಮನೆಯವರಿಗೆ ತೋರಿಸಬೇಕು. ಇದಕ್ಕೆ ಒಪ್ಪದ ಟ್ರಸ್ಟಿನ ಸದಸ್ಯರೊಬ್ಬರು ಇವರೊಡನೆ ಈಗಲೂ ಮುಖ ಕೊಟ್ಟು ಮಾತಾಡುತ್ತಿಲ್ಲ.

ನಾಲ್ಕು ತಿಂಗಳಲ್ಲಿ ಎಂಟು ಭೇಟಿಗಳಾದವು. ಪಿಎಚ್‌ಕ್ಯೂ ಅಂಕ 5ಕ್ಕೆ ಇಳಿದಿದೆ, ನಿದ್ದೆ ಪರವಾಗಿಲ್ಲ, ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ಬರಲು ಹೇಳಿದ್ದೇನೆ. ಎಂಟನೆಯ ಭೇಟಿಗೆ ಬಂದ ದಿನ ಅವರ ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ ಚೌಕಟ್ಟೊಂದಿತ್ತು. ಹಿಂದಿನ ರಾತ್ರಿ ಆ ಫೈಲನ್ನು ತೆರೆದು, ತಾವು ಮೇಲೆ ಹಾಕಿದ್ದ ಪದರಗಳನ್ನು ಒಂದೊಂದಾಗಿ ಅಳಿಸಿದ್ದರು. ಮೂಲ ಚಿತ್ರ ಅಡಿಯಲ್ಲಿ ಹಾಗೆಯೇ ಇತ್ತು. ಮಧ್ಯಾಹ್ನದ ಬಸ್ಸಿಗೆ ಹುಡುಗನ ಊರಿಗೆ ಹೊರಟಿದ್ದರು. ಮುದ್ರಣ ಚೆನ್ನಾಗಿ ಬಂದಿದೆಯೇ ನೋಡಿ ಎಂದು ಹಾಳೆ ಬಿಡಿಸಿ ತೋರಿಸಿದರು. ನಗುವೂ ಇತ್ತು, ಬಿಸ್ಕತ್ತಿನ ಪೊಟ್ಟಣವೂ ಇತ್ತು.